ಮೇಲುರುಜಿಗಾಗಿ ಮಕ್ಕಳ ಸಾಲು

ಆಗಸ್ಟ್ 2021

ಮಾನ್ಯ ಸಂಪಾದಕರೇ,

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮುಂದೆ, ಎಂಜಿನಿಯರಿಂಗ್ ಮೊದಲಾದವುಗಳ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬರೆಯಲಿರುವ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತಿದ್ದ ಬಗ್ಗೆ ಇಂದಿನ ಜಿಲ್ಲಾ ಪುಟದಲ್ಲಿ ಪ್ರಕಟವಾಗಿರುವ ವರದಿಯನ್ನೂ ಅದರ ಜೊತೆಗಿನ ಚಿತ್ರವನ್ನೂ ನೋಡಿದೆ. ಆ ಸಾಲಿನಲ್ಲಿ ನಾನೂ ನನ್ನ ಮಗಳೂ ಇದ್ದೆವು. ಶಾಲೆಗಳು ಬರೆದುಕೊಡುವ ವ್ಯಾಸಂಗ ಪ್ರಮಾಣಪತ್ರಗಳಿಗೆ ಅದೇ ದಿನ ಮೇಲುರುಜು (ಬಿಇಒ ಹಾಕುವ ದೃಢೀಕರಣದ ಸಹಿ) ಮಾಡಿ ಕೊಡಲಾಗುತ್ತಿದೆ ಎಂದು ಅಧಿಕಾರಿಗಳು ನಿಮ್ಮ ವರದಿಗಾರರಿಗೆ ತಿಳಿಸಿದ್ದಾರಂತೆ. ಅದು ಯಾವ ದಿನ ಎಂಬುದನ್ನು ಮಾತ್ರ ಅವರು ತಿಳಿಸಿಲ್ಲವಾದ್ದರಿಂದ ಈ ಪತ್ರವನ್ನು ಬರೆಯಬೇಕಾಗಿದೆ.

ನಿನ್ನೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ಮಕ್ಕಳು ನೆರೆದಿದ್ದರು. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಬರುವಷ್ಟರಲ್ಲಿ ಮಧ್ಯಾಹ್ನ ಸಮೀಪಿಸಿತ್ತು. ಬಂದವರು, ಇದೇ 23ರಿಂದ 9ರಿಂದ 12ನೇ ತರಗತಿಗಳು ಆರಂಭವಾಗುವ ಕಾರಣ ಸಾಹೇಬರು ಪೂರ್ವಸಿದ್ಧತಾ ಸಭೆಯಲ್ಲಿದ್ದಾರೆಂದು ಹೇಳಿದರು. ಊಟದ ನಂತರ ಮತ್ತೊಬ್ಬರು ಬಂದು, ಸಾಹೇಬರು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದಾರೆ, ಇಂದು ಬರುವುದು ಖಚಿತವಿಲ್ಲ ಎಂದರು. ಮಘೆ ಮಳೆ ಹನಿಯತೊಡಗಿದಾಗ, ಕಳೆದ ವರ್ಷ ಅಂತರ ಕಾಯಲೆಂದು ನೆಲದ ಮೇಲೆ ಬರೆದಿದ್ದ ಬಿಳಿ ವೃತ್ತಗಳನ್ನು ಬಿಟ್ಟು ಮಕ್ಕಳೆಲ್ಲ ಒಂದೇ ಸೂರಿನ ಕೆಳಗೆ ಒತ್ತೊತ್ತಾಗಿ ನಿಂತರು. ಬಾಗಿಲ ಮೇಲೆ ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ ಎಂಬ ಫಲಕವಿದೆ. ನಾವೆಲ್ಲರೂ ಮಾಸ್ಕ್ ಹಾಕಿದ್ದೆವು, ನಮಗೂ ಪ್ರವೇಶವಿರಲಿಲ್ಲ.

ಕೊನೆಗೆ ಸಂಜೆಯ ವೇಳೆಗೆ ನಮ್ಮ ಕಾಗದವನ್ನು ಕೈಗೆತ್ತಿಕೊಂಡ ಸಿಬ್ಬಂದಿ, ಇದು ಹಳೆಯ ನಮೂನೆಯೆಂದು ಹಿಂದಿರುಗಿಸಿದರು. ಏಳು ವರ್ಷದ ವ್ಯಾಸಂಗಕ್ಕೆ ಒಂದು, ಗ್ರಾಮೀಣ ಮೀಸಲಾತಿಗೆ ಒಂದು, ಕನ್ನಡ ಮಾಧ್ಯಮಕ್ಕೆ ಒಂದು, ಹೀಗೆ ಬೇರೆ ಬೇರೆ ಹಾಳೆಗಳಲ್ಲಿ ಬರೆಸಿಕೊಂಡು ಬರಬೇಕಂತೆ. ಅದೇ ಹುಡುಗಿ, ಅದೇ ಶಾಲೆಗಳು, ಅದೇ ವರ್ಷಗಳು. ಆದರೆ ಪ್ರತಿ ಹಾಳೆಯಲ್ಲೂ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು, ಅದರ ಮೇಲೆ ಬಿಇಒ ಅವರ ರುಜು ಪ್ರತ್ಯೇಕವಾಗಿಯೇ ಇರಬೇಕು. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಬೆಳಿಗ್ಗೆಯೇ ಗೋಡೆಗೆ ಅಂಟಿಸಿದ್ದರೆ ಅರ್ಧದಷ್ಟು ಮಂದಿ ಆಗಲೇ ಹಿಂದಿರುಗಿ, ಶಾಲೆಗೆ ಹೋಗಿ ಹೊಸ ಕಾಗದ ತರುತ್ತಿದ್ದರು.

ಶಾಲೆಗೆ ಹೋಗುವುದೆಂದರೂ ಸುಲಭವಲ್ಲ. ನನ್ನ ಮಗಳು ಐದನೇ ತರಗತಿಯವರೆಗೆ ಓದಿದ ಹಳ್ಳಿಯ ಶಾಲೆ ಪಕ್ಕದ ತಾಲ್ಲೂಕಿಗೆ ಸೇರಿದ್ದು, ಮಕ್ಕಳ ಸಂಖ್ಯೆ ಇಳಿದು ಅದು ಮುಚ್ಚಿದ ಮೇಲೆ ದಾಖಲಾತಿ ವಹಿಗಳು ಬೇರೊಂದು ಶಾಲೆಯ ಬೀರುವಿನಲ್ಲಿವೆ. ಬೀರುವಿನ ಕೀಲಿ ಇರುವ ಶಿಕ್ಷಕರನ್ನು ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಲಾಗಿದೆ. ಅವರ ಮೇಲೆ ನನಗೆ ಕೋಪವಿಲ್ಲ, ಪಾಪ, ಮನೆ ಮನೆ ಸಮೀಕ್ಷೆಯ ನಡುವೆಯೂ ಬಂದು ವಹಿ ತೆರೆದು ಬರೆದುಕೊಟ್ಟರು. ಆ ಕಾಗದಕ್ಕೆ ಆ ತಾಲ್ಲೂಕಿನ ಬಿಇಒ ರುಜು, ಉಳಿದ ತರಗತಿಗಳ ಕಾಗದಕ್ಕೆ ಈ ತಾಲ್ಲೂಕಿನ ಬಿಇಒ ರುಜು ಬೇಕು. ಮೊದಲಿನಷ್ಟು ಬಸ್ಸುಗಳು ಇನ್ನೂ ಓಡುತ್ತಿಲ್ಲ. ಲಾಕ್‌ಡೌನ್‌ನಲ್ಲಿ ಸಂಬಳ ಕಡಿತವಾಗಿರುವ ನನ್ನಂಥವರಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಕೂಲಿ ಹೋದಂತೆಯೇ.

ಈ ಎಲ್ಲದರ ಹಿಂದಿನ ತರ್ಕವೇ ನನಗೆ ಅರ್ಥವಾಗುತ್ತಿಲ್ಲ. ಮಕ್ಕಳು ಒಂದೆಡೆ ಸೇರಬಾರದು, ಅವರ ಆರೋಗ್ಯವೇ ಮುಖ್ಯ ಎಂದು ಜೂನ್ 4ರಂದು ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಸರ್ಕಾರ ರದ್ದುಗೊಳಿಸಿತು. ನಾನು ಅದನ್ನು ಸ್ವಾಗತಿಸಿದವನೇ. ಎಸ್‌ಎಸ್‌ಎಲ್‌ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಎಂದು ಲೆಕ್ಕ ಹಾಕಿ ಜುಲೈ 20ರಂದು ಫಲಿತಾಂಶವನ್ನೂ ಕೊಟ್ಟಿತು. 6.66 ಲಕ್ಷ ಮಕ್ಕಳು ಉತ್ತೀರ್ಣರಾದರು, 2,239 ಮಂದಿ 600ಕ್ಕೆ 600 ಪಡೆದರು. ಪ್ರವೇಶಪತ್ರವನ್ನೇ ಕೊಟ್ಟಿರದ ಪರೀಕ್ಷೆಯ ನೋಂದಣಿ ಸಂಖ್ಯೆ ತಿಳಿಯಲು ಇಲಾಖೆ ಪ್ರತ್ಯೇಕ ಲಿಂಕ್ ಒದಗಿಸಿತ್ತು. ಬರೆಯದ ಪರೀಕ್ಷೆಗೂ ನೋಂದಣಿ ಸಂಖ್ಯೆ ಬೇಕೆಂಬ ನಿಷ್ಠೆಗೆ ತಲೆಬಾಗಲೇಬೇಕು. ಹೀಗೆ ಮೂರು ಗಂಟೆ ಕೊಠಡಿಯೊಳಗೆ ಅಂತರದಲ್ಲಿ ಕೂರುವುದು ಅಪಾಯವೆಂದು ಯಾರನ್ನು ಮನೆಯಲ್ಲಿರಿಸಲಾಯಿತೋ ಅದೇ ಮಕ್ಕಳನ್ನು ಈಗ ಒಂದು ರುಜಿಗಾಗಿ ದಿನವಿಡೀ ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಲ್ಲುವಂತೆ ಮಾಡಲಾಗಿದೆ. ಕಚೇರಿಯ ಆವರಣಕ್ಕೆ ಕೊರೊನಾ ಬರುವುದಿಲ್ಲವೆಂಬ ವರದಿ ತಜ್ಞರ ಸಮಿತಿಯಿಂದ ಬಂದಿದ್ದರೆ ದಯವಿಟ್ಟು ಪ್ರಕಟಿಸಿ.

ಇನ್ನೊಂದು ಸಂಗತಿ. ಪದವಿ ಕಾಲೇಜುಗಳನ್ನು ಜುಲೈ 26ರಿಂದ ತೆರೆಯುವಾಗ ಕನಿಷ್ಠ ಒಂದು ಡೋಸ್ ಲಸಿಕೆ ಪಡೆದವರಿಗೆ ಮಾತ್ರ ಅವಕಾಶ ಎಂದು ಹೇಳಲಾಯಿತು. ಸಿಇಟಿ ಕೈಕೊಟ್ಟರೆ ಇರಲಿ ಎಂದು ಬಿಎಸ್‌ಸಿ ಅರ್ಜಿಗಾಗಿ ಕಾಲೇಜೊಂದಕ್ಕೆ ಹೋದಾಗ ಅಲ್ಲಿಯ ಗುಮಾಸ್ತರು ಮಗಳ ಲಸಿಕೆ ಪ್ರಮಾಣಪತ್ರ ಕೇಳಿದರು. ಅವಳಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಹದಿನೆಂಟರ ಕೆಳಗಿನವರಿಗೆ ಲಸಿಕೆ ಕೊಡುತ್ತಿಲ್ಲ ಎಂದರೆ, ಅದು ನಮಗೆ ಗೊತ್ತಿಲ್ಲ, ಮಾರ್ಗಸೂಚಿಯಲ್ಲಿದೆ ಎಂಬ ಉತ್ತರ ಬಂತು. ಅವಳು ಬೇಗ ಹುಟ್ಟಬೇಕಿತ್ತು ಎಂದು ತೋರುತ್ತದೆ.

ಸಿಇಟಿಗೆ ಎರಡು ವಾರವೂ ಉಳಿದಿಲ್ಲ. ಈ ಬಾರಿ ಪಿಯುಸಿ ಅಂಕವನ್ನು ಪರಿಗಣಿಸದೆ ಸಿಇಟಿ ಅಂಕದಿಂದಲೇ ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರವಾಗುವುದರಿಂದ ಪ್ರತಿ ಪ್ರಶ್ನೆಗೂ ಹಿಂದೆಂದಿಗಿಂತ ಹೆಚ್ಚಿನ ಬೆಲೆಯಿದೆ. ವರ್ಷದ ಬಹುಪಾಲು ಮೊಬೈಲ್ ಪರದೆಯಲ್ಲಿ, ಸಿಗ್ನಲ್ ಸಿಕ್ಕಷ್ಟು ಹೊತ್ತು ಪಾಠ ಕೇಳಿದ ಹಳ್ಳಿಯ ಮಕ್ಕಳು ಈ ಹೊತ್ತಿನಲ್ಲಿ ಗಣಿತ, ಭೌತಶಾಸ್ತ್ರ ಓದುತ್ತಿರಬೇಕಾಗಿತ್ತು. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇಟ್ಟಿರುವುದು ಇಂಥ ಮಕ್ಕಳನ್ನು ಮೇಲೆತ್ತಲೆಂದೇ ಅಲ್ಲವೇ? ಹಳ್ಳಿಯಲ್ಲಿ ಓದಿದ್ದಕ್ಕೆ ಸಾಕ್ಷಿ ಒದಗಿಸುವ ಶಿಕ್ಷೆಯನ್ನು ಹಳ್ಳಿಯ ಮಕ್ಕಳೇ ಅನುಭವಿಸುತ್ತಿದ್ದಾರೆ. ನಗರದಲ್ಲಿ ಓದಿದವರಿಗೆ ಈ ಹಾಳೆಗಳ ಗೊಡವೆಯೇ ಕಡಿಮೆ.

ಮಕ್ಕಳ ವಿವರಗಳನ್ನು ಶಿಕ್ಷಕರಿಂದ ಹಗಲು ರಾತ್ರಿ ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಿಸಿಕೊಂಡಿರುವುದು ಇದೇ ಇಲಾಖೆ. ಯಾವ ಮಗು ಯಾವ ಶಾಲೆಯಲ್ಲಿತ್ತು ಎಂಬುದನ್ನು ಅಲ್ಲಿ ನೋಡಬಹುದು. ಆರಂಭದ ಕೆಲವು ವರ್ಷಗಳದ್ದು ಅಲ್ಲಿ ಸಿಗದಿದ್ದರೆ ಅಷ್ಟಕ್ಕೆ ಮಾತ್ರ ಕಾಗದ ಕೇಳಲಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಆರ್‌ಡಿ ಸಂಖ್ಯೆ (ಕಂದಾಯ ಇಲಾಖೆ ಪ್ರಮಾಣಪತ್ರಕ್ಕೆ ಕೊಡುವ ಸಂಖ್ಯೆ) ನಮೂದಿಸಿದರೆ ಸಾಕಾಗುತ್ತದೆ, ಓದಿದ್ದಕ್ಕೆ ಏಕೆ ಸಾಲದು? ಆ ಆರ್‌ಡಿ ಸಂಖ್ಯೆಯನ್ನು ಪಡೆದ ಕಥೆಯನ್ನು ಬರೆಯಹೊರಟರೆ ನಿಮ್ಮ ಪುಟ ಸಾಲದು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು, ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಒದಗಿಸಲೆಂದು ಮಾಡಿದ ಸಕಾಲ ಕಾಯ್ದೆ ಹೇಳುತ್ತದೆ. 2012ರಿಂದ ಜಾರಿಯಲ್ಲಿರುವ ಈ ಕಾಯ್ದೆಯಡಿ ಆ 20 ರೂಪಾಯಿಯನ್ನು ಕೇಳಿ ಪಡೆದ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ. ಕೇಳಿದವರ ಮುಂದಿನ ಅರ್ಜಿಯ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿದೆ. ಜಮೀನಿನ ಪಹಣಿಯಲ್ಲಿ ನನ್ನ ತಂದೆಯವರ ಹೆಸರಿನ ಒಂದಕ್ಷರ ತಪ್ಪಾಗಿದ್ದನ್ನು ಸರಿಪಡಿಸಲು ಅವರು ಕೊಟ್ಟ ಅರ್ಜಿ, ಅವರು ತೀರಿಕೊಂಡ ಮೇಲೂ ಪರಿಶೀಲನೆಯಲ್ಲಿಯೇ ಇದೆ. ಮುಖ್ಯಮಂತ್ರಿಗಳು ಬದಲಾದರು, ಈ ತಿಂಗಳು ಶಿಕ್ಷಣ ಸಚಿವರೂ ಬದಲಾದರು. ಊಟಕ್ಕೆ ಹೋದ ವಿಷಯ ನಿರ್ವಾಹಕರು ಹಿಂದಿರುಗುವ ಸಮಯ ಮಾತ್ರ ಹಾಗೆಯೇ ಇದೆ.

ಆದ್ದರಿಂದ ಸರ್ಕಾರ ಈ ಮೇಲುರುಜು ಪದ್ಧತಿಯನ್ನು ಈ ವರ್ಷದ ಮಟ್ಟಿಗಾದರೂ ರದ್ದುಪಡಿಸಬೇಕು. ರದ್ದುಪಡಿಸಲಾಗದಿದ್ದರೆ ಸಿಇಟಿ ಮುಗಿಯುವವರೆಗೆ ಮಕ್ಕಳನ್ನು ಓದಲು ಬಿಟ್ಟು, ಆನಂತರ ಶಾಲೆಗಳಿಂದಲೇ ಪ್ರಮಾಣಪತ್ರಗಳನ್ನು ತರಿಸಿಕೊಂಡು ರುಜು ಮಾಡಿಸಿ ಮನೆಗೆ ಕಳುಹಿಸುವ ವ್ಯವಸ್ಥೆ ಮಾಡಬೇಕು. ಅದೂ ಆಗದಿದ್ದರೆ ರುಜು ಮಾಡುವ ಅಧಿಕಾರಿ ಯಾವ ದಿನ, ಎಷ್ಟು ಹೊತ್ತಿಗೆ ಕುರ್ಚಿಯಲ್ಲಿರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಲಿ. ಅದಕ್ಕೆ ಯಾರ ಮೇಲುರುಜೂ ಬೇಕಾಗಲಾರದು. ಎಲ್ಲವೂ ಸುಗಮವಾಗಿದೆ ಎಂದು ವರದಿಗಾರರಿಗೆ ಹೇಳಿಕೆ ಕೊಟ್ಟ ಅಧಿಕಾರಿಗಳು ನಾಳೆ ಒಂದು ದಿನ ತಮ್ಮ ಮಗನನ್ನೋ ಮಗಳನ್ನೋ ಆ ಸಾಲಿನಲ್ಲಿ ನಿಲ್ಲಿಸಲಿ, ಆಮೇಲೆ ಹೇಳಿಕೆ ಕೊಡಲಿ.

ಇತಿ,
ನೊಂದ ಪೋಷಕ