ಭಾನುವಾರದ ಚರ್ಚೆ: ದೂರದರ್ಶನ ಮತ್ತು ನಮ್ಮ ಚಿತ್ರರಂಗ

ಮಾನ್ಯ ಸದಸ್ಯರೇ,

ಈ ಭಾನುವಾರ ಸಂಜೆ 5 ಗಂಟೆಗೆ ಚಿತ್ರದುರ್ಗ ಕೋಟೆಯ ಪ್ರವೇಶದ್ವಾರದ ಬಳಿ ಎಲ್ಲರೂ ಸೇರಬೇಕೆಂದು ಕೋರುತ್ತೇನೆ.

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ದೂರದರ್ಶನವು 1976ರಲ್ಲಿ ಆಕಾಶವಾಣಿಯಿಂದ ಬೇರ್ಪಟ್ಟಿತು. 1982ರಲ್ಲಿ ಅದಕ್ಕೆ ಬಣ್ಣ ಬಂತು. ಈ ಇತಿಹಾಸವನ್ನು ಚುಟುಕಾಗಿ ಮುಗಿಸಿ, 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಹೆಚ್ಚು ಸಮಯ ಕೊಡೋಣ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಅವರು ಮಲೆನಾಡಿನ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಮಾತು ಹಿಂದಿ, ಇಂಗ್ಲಿಷಿನದಾದರೂ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಇದ್ದುದರಿಂದ ಅದು ನಮ್ಮ ಮನೆಯ ಕಥೆಯೇ ಆಯಿತು. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತದೊಂದಿಗೆ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ತೆರೆಯ ಮೇಲೆ ಮೂಡುವುದನ್ನು ದಯವಿಟ್ಟು ಮತ್ತೊಮ್ಮೆ ಗಮನವಿಟ್ಟು ನೋಡಿ ಬನ್ನಿ. ಸಿನಿಮಾದವರು ಕಿರುತೆರೆಗೂ ಅದೇ ಶ್ರದ್ಧೆಯಿಂದ ದುಡಿದರೆ ಎಂಥ ಕೃತಿ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

ಅಕ್ಕಪಕ್ಕದ ಮನೆಗಳಲ್ಲಿ ಕೂತು ಟಿ.ವಿ. ನೋಡಿದ ಹಿರಿಯ ಸದಸ್ಯರು ತಮ್ಮ ನೆನಪುಗಳನ್ನು ಶನಿವಾರದೊಳಗೆ ಇಲ್ಲಿಯೇ ಬರೆದು ಹಾಕಿದರೆ, ಅವುಗಳಿಂದಲೇ ಚರ್ಚೆ ಆರಂಭಿಸುತ್ತೇವೆ.