ಐವಿಎಫ್ ಇಂಜೆಕ್ಷನ್‌ಗೂ ಮುಂಚೆ ಇಷ್ಟು ಹೇಳ್ರಿ

ಸಂಪಾದಕರೇ,

ಇಲ್ಲೇ ದಾವಣಗೆರೇಲಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸ್ಕೊಂಡ ನನ್ನ ತಂಗಿಗೆ ಅಂಡಾಣು ತೆಗೆದ ನಾಕನೇ ದಿನ ಹೊಟ್ಟೆ ಹೆಂಗ್ ಉಬ್ಬಿತು ಅಂದ್ರೆ ಲಂಗದ ಲಾಡಿ ಕಟ್ಟೋಕಾಗ್ಲಿಲ್ಲ, ಉಸಿರು ಕಟ್ಟಿದಂಗಾಗಿ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇದ್ಲು, ನಾವು ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಕುಡಿಸಿದ್ವಿ. ಅದು ಓಎಚ್‌ಎಸ್‌ಎಸ್, ಅಂದ್ರೆ ಔಷಧಿಗೆ ಅಂಡಾಶಯ ಅತಿಯಾಗಿ ಕೆರಳೋ ತೊಂದರೆ ಅಂತ ಆಮೇಲೆ ಗೊತ್ತಾಯ್ತು. ಅಂಡಾಣು ಬಲೀಲಿ ಅಂತ ಕೊಡೋ ಎಚ್‌ಸಿಜಿ ಇಂಜೆಕ್ಷನ್‌ಗೆ ಅಂಡಾಶಯ ವಿಇಜಿಎಫ್ ಅನ್ನೋ ಪ್ರೋಟೀನ್ ಜಾಸ್ತಿ ಬಿಡುತ್ತೆ, ಅದ್ರಿಂದ ರಕ್ತನಾಳ ಸೋರಿ ಹೊಟ್ಟೇಲಿ ನೀರು ತುಂಬ್ಕೊಳ್ಳುತ್ತೆ, ಇತ್ಲಾಗೆ ರಕ್ತ ಮಂದ ಆಗುತ್ತೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗೋ ಅಂಡಾಶಯದ ತೊಂದರೆ) ಇರೋರಿಗೆ, ಅಂಡಾಣು ಎಷ್ಟು ಉಳಿದಿವೆ ಅಂತ ತೋರ್ಸೋ ಎಎಂಎಚ್ ಹಾರ್ಮೋನ್ ಜಾಸ್ತಿ ಇರೋರಿಗೆ, ಚಿಕ್ಕ ವಯಸ್ಸಿನೋರಿಗೆ ಅಪಾಯ ಹೆಚ್ಚು. ತಂಗಿಗೆ ಪಿಸಿಓಎಸ್ ಇತ್ತು. ಅಂಥೋರಿಗೆ ಎಚ್‌ಸಿಜಿ ಬದಲು ಅಂಡಾಣು ಬಲಿಯೋಕೆ ಬೇರೆ ಇಂಜೆಕ್ಷನ್ ಕೊಟ್ಟು ಭ್ರೂಣ ಫ್ರೀಜ್ ಮಾಡಿಟ್ರೆ ಅಪಾಯ ಬಹಳ ಕಮ್ಮಿಯಂತೆ. ತೂಕ ದಿಢೀರ್ ಏರಿದ್ರೆ, ಮೂತ್ರ ಕಮ್ಮಿಯಾದ್ರೆ ತಕ್ಷಣ ಬನ್ನಿ ಅಂತ ಡಾಕ್ಟ್ರುಗಳು ಮೊದಲೇ ಕನ್ನಡದಲ್ಲಿ ಚೀಟಿ ಬರೆದು ಕೊಡ್ಲಿ.

ಒಬ್ಬ ಅಕ್ಕ, ದಾವಣಗೆರೆ