ಈ ಬೇಸಿಗೆಯಿಂದ ನಮ್ಮ ಬೋಟಿನಲ್ಲಿ ಆರೇ ಜನ

ನಮ್ಮ ಜೊತೆ ಆಸ್ಟಿನ್ ಹತ್ತಿರದ ಲೇಕ್ ಟ್ರಾವಿಸ್ ಕೆರೆಗೆ ಬರುವ ಎಲ್ಲ ಮನೆಯವರಿಗೂ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಈ ಬೇಸಿಗೆಯಿಂದ ನಮ್ಮ ವೇಕ್‌ಸರ್ಫಿಂಗ್ (ಬೋಟ್ ಎಬ್ಬಿಸುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟ) ಬೋಟಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಆರು ಜನರಿಗೆ ಮಾತ್ರ ಜಾಗ. ಇಲ್ಲಿಯವರೆಗೆ ಹತ್ತು ಜನರನ್ನು ಹತ್ತಿಸಿಕೊಳ್ಳುತ್ತಿದ್ದೆವು. ಬೋಟೂ ಬದಲಾಗಿದೆ. ಸರ್ಫ್ ಮಾಡುವ ಜಾಗವೂ ಬದಲಾಗಿದೆ. ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಕಳೆದ ಜೂನ್‌ನ ಒಂದು ಶನಿವಾರ. ಬೋಟಿನಲ್ಲಿ ಹತ್ತು ಜನ. ಗಾಳಿ ಚೆನ್ನಾಗಿ ಬರುತ್ತೆ ಅಂತ ಐದು ಜನ ಮುಂದಿನ ಸೀಟಿಗೆ ಹೋಗಿ ಕೂತಿದ್ದರು. ಹಿಂದೆ ಅಲೆಯಲ್ಲಿ ಸರ್ಫ್ ಹಲಗೆಯ ಮೇಲಿದ್ದ ಹುಡುಗ ಬಿದ್ದ. ಬೋಟ್ ನಡೆಸುತ್ತಿದ್ದವನು ನಮ್ಮಿಬ್ಬರಲ್ಲಿ ಇದನ್ನು ಬರೆಯುತ್ತಿರುವ ನಾನೇ. ಗಾಬರಿಯಲ್ಲಿ ವೇಗವನ್ನು ಒಮ್ಮೆಲೇ ಇಳಿಸಿ, ಅದೇ ಕ್ಷಣ ಬೋಟ್ ತಿರುಗಿಸಿದೆ. ಭಾರಕ್ಕೆ ಬೋಟಿನ ಮೂತಿ ತಗ್ಗಿತು. ನಾವೇ ಎಬ್ಬಿಸಿದ ಅಲೆ ನಮ್ಮ ಮೂತಿಯ ಮೇಲೆಯೇ ಹತ್ತಿ ಒಳಗೆ ಬಂತು. ನೀರು ಪಾದ ಮುಳುಗುವಷ್ಟು ನಿಂತಿತು. ಪಂಪ್ ಕೆಲಸ ಮಾಡಿತು, ಯಾರಿಗೂ ಏನೂ ಆಗಲಿಲ್ಲ. ಶಿವಮೊಗ್ಗದಿಂದ ಮೊಮ್ಮಕ್ಕಳನ್ನು ನೋಡಲು ಬಂದಿದ್ದ ಅಜ್ಜಿಯ ಸೀರೆ ಪೂರ್ತಿ ಒದ್ದೆಯಾಗಿತ್ತು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿರುಗಿಸಿದ ರೀತಿ ತಪ್ಪು, ಅದು ನನ್ನದೇ. ಯಾರಾದರೂ ಬಿದ್ದರೆ ವೇಗ ನಿಧಾನವಾಗಿ ಇಳಿಸಬೇಕು, ಅಲೆ ಮುಂದೆ ಹೋಗಲು ಬಿಡಬೇಕು, ಆಮೇಲೆ ತಿರುಗಬೇಕು. ಆದರೆ ಕೂತು ಲೆಕ್ಕ ಹಾಕಿದಾಗ ತಪ್ಪು ಅದಕ್ಕಿಂತ ಹಳೆಯದು ಅನ್ನಿಸಿತು. ಹತ್ತು ಜನ ದೊಡ್ಡವರು ಅಂದರೆ ಸುಮಾರು 1,700 ಪೌಂಡ್. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ. ಅಂದರೆ 200 ಗ್ಯಾಲನ್ ನೀರಿನಷ್ಟು ಭಾರ ಬೋಟಿನಲ್ಲಿ ಎದ್ದು, ಕೂತು, ಫೋಟೋ ತೆಗೆಯಲು ಒಂದೇ ಕಡೆಗೆ ಓಡುತ್ತಿತ್ತು. ಭಾರಕ್ಕೆಂದು ಟ್ಯಾಂಕಿನಲ್ಲಿ ತುಂಬುವ ನೀರು ಇಟ್ಟಲ್ಲಿ ಇರುತ್ತದೆ. ಮನುಷ್ಯರು ಇರುವುದಿಲ್ಲ, ಮಕ್ಕಳಂತೂ ಇರುವುದೇ ಇಲ್ಲ.

ವೇಕ್‌ಸರ್ಫಿಂಗ್‌ನಲ್ಲಿ ಎಲ್ಲವೂ ಭಾರದ ಮೇಲೆಯೇ ನಿಂತಿದೆ. ಬೋಟ್ ನೀರಿನಲ್ಲಿ ಎಷ್ಟು ಆಳಕ್ಕೆ ಕೂರುತ್ತದೋ ಅಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆ ನೀರು ಬೋಟಿನ ಹಿಂದೆ ಮತ್ತೆ ಕೂಡಿಕೊಳ್ಳುವಾಗ ಅಲೆ ಏಳುತ್ತದೆ. ನಮ್ಮ ಹಳೇ ಬೋಟು ವಾಟರ್ ಸ್ಕೀಗೆ ಅಂತ ಮಾಡಿದ್ದು. ಅದರ ಎಂಜಿನ್ ನಡುವಿನಲ್ಲಿತ್ತು. ಸ್ಕೀ ಮಾಡುವವರಿಗೆ ಸಪಾಟು ನೀರು ಬೇಕು, ಹಾಗಾಗಿ ಅಂಥ ಬೋಟನ್ನು ಅಲೆ ಏಳದ ಹಾಗೆಯೇ ಕಟ್ಟಿರುತ್ತಾರೆ. ಅಲೆ ಬೇಡ ಅನ್ನುವ ಬೋಟಿನಿಂದ ನಾವು ಅಲೆ ಕೇಳುತ್ತಿದ್ದೆವು. ಅದಕ್ಕೇ ನೀರು ತುಂಬಿದ ಚೀಲಗಳು, ಅದಕ್ಕೇ "ಎಲ್ಲರೂ ಎಡಕ್ಕೆ ಬನ್ನಿ" ಅನ್ನುವ ನಮ್ಮ ಕೂಗಾಟ. ಹಳಬರಿಗೆ ನೆನಪಿದೆ ಅಲ್ವಾ? ಬೋಟನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಆ ಪಕ್ಕದ ಅಲೆ ದೊಡ್ಡದಾಗುತ್ತದೆ. ಜನ ಜಾಸ್ತಿ ಇದ್ದಷ್ಟೂ ಅಲೆ ಚೆನ್ನಾಗಿ ಬರುತ್ತಿತ್ತು. ನಿಜ ಹೇಳಬೇಕೆಂದರೆ, ಹತ್ತು ಜನರನ್ನು ಹತ್ತಿಸಿಕೊಳ್ಳಲು ಅದೂ ಒಂದು ಕಾರಣ. ನೀವು ನಮ್ಮ ಅತಿಥಿಗಳೂ ಆಗಿದ್ದಿರಿ, ನಮ್ಮ ಭಾರದ ಚೀಲಗಳೂ ಆಗಿದ್ದಿರಿ. ಅದು ಸರಿಯಲ್ಲ.

ಹೊಸ ಬೋಟ್ ಹುಡುಕಲು ಚಳಿಗಾಲ ಪೂರ್ತಿ ಹೋಯಿತು. ಒಂದು ಮಾತು ಮಾತ್ರ ಮೊದಲೇ ತೀರ್ಮಾನಿಸಿದ್ದೆವು. ಪ್ರೊಪೆಲ್ಲರ್ ಬೋಟಿನ ಹಿಂದಕ್ಕೆ ಚಾಚಿರುವ ಯಾವ ಬೋಟೂ ಬೇಡ. ಔಟ್‌ಬೋರ್ಡ್ ಮೋಟರ್ ಇರುವ ಬೋಟ್ ಅಗ್ಗಕ್ಕೆ ಸಿಗುತ್ತದೆ, "ಅದರ ಹಿಂದೆಯೇ ಸರ್ಫ್ ಮಾಡಿಸಿ" ಅಂತ ಸಲಹೆ ಕೊಟ್ಟವರೂ ಇದ್ದರು. ಸರ್ಫ್ ಮಾಡುವವರು ಬೋಟಿನಿಂದ ಹತ್ತು ಅಡಿ ದೂರದಲ್ಲಿರುತ್ತಾರೆ, ಕೆಲವೊಮ್ಮೆ ಅದಕ್ಕಿಂತ ಹತ್ತಿರ. ಮುಂದಕ್ಕೆ ಬಿದ್ದರೆ ಎದುರಿಗೆ ತಿರುಗುವ ರೆಕ್ಕೆಗಳು ಇರಬಾರದು. ವೋಲ್ವೊ ಪೆಂಟಾದವರ ಫಾರ್ವರ್ಡ್ ಡ್ರೈವ್‌ನಲ್ಲಿ ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿ ಬೋಟಿನ ಅಡಿಯಲ್ಲಿ ಇರುತ್ತದೆ. ಅದನ್ನೂ ನೋಡಿದೆವು. ಕೊನೆಗೆ ತೆಗೆದುಕೊಂಡಿದ್ದು 23 ಅಡಿಯ, ಸೆಕೆಂಡ್ ಹ್ಯಾಂಡ್ ವಿ-ಡ್ರೈವ್ ಬೋಟ್. ಇದರಲ್ಲಿ ಎಂಜಿನ್ ಹಿಂಭಾಗದಲ್ಲಿ, ಸೀಟಿನ ಕೆಳಗೆ. ಭಾರ ಬೇಕಾದ ಕಡೆಯೇ ಇದೆ. ಪ್ರೊಪೆಲ್ಲರ್ ಬೋಟಿನ ಹೊಟ್ಟೆಯ ಕೆಳಗೆ, ನೀರಿಗೆ ಇಳಿಯಲು ಹತ್ತಲು ಬೋಟಿನ ಹಿಂದೆ ಇರುವ ಹಲಗೆಗಿಂತ ಒಳಗೆ.

ಅಲೆ ರೂಪಿಸುವ ವ್ಯವಸ್ಥೆಯೂ ಇದರಲ್ಲಿದೆ. ಮಾಲಿಬು ಕಂಪನಿ 2012ರಲ್ಲಿ ಸರ್ಫ್ ಗೇಟ್ ಅಂತ ತಂದ ಮೇಲೆ ಬೇರೆ ಕಂಪನಿಗಳೂ ತಮ್ಮ ತಮ್ಮ ದಾರಿಯಲ್ಲಿ ಇದನ್ನು ತಂದವು. ಬೋಟಿನ ಹಿಂಭಾಗದ ಎರಡೂ ಬದಿಗೆ ಒಂದೊಂದು ಪುಟ್ಟ ಬಾಗಿಲು ಇರುತ್ತದೆ ಅಂದುಕೊಳ್ಳಿ. ಎಡಗಡೆ ಅಲೆ ಬೇಕಾದರೆ ಬಲಗಡೆಯ ಬಾಗಿಲು ಚಾಚುತ್ತದೆ. ಆ ಕಡೆಯ ನೀರು ಸ್ವಲ್ಪ ತಡವಾಗಿ ಬಂದು ಸೇರುತ್ತದೆ. ಅಷ್ಟರಲ್ಲಿ ಎಡಗಡೆಯ ಅಲೆ ಕಲಕದೆ, ನುಣುಪಾಗಿ, ಉದ್ದಕ್ಕೆ ನಿಲ್ಲುತ್ತದೆ. ಬೋಟ್ ವಾಲಬೇಕಾಗಿಲ್ಲ, ನೆಟ್ಟಗೆ ಕೂರುತ್ತದೆ. ಎಡಗಾಲು ಮುಂದಿಡುವವರಿಗೆ ಎಡಗಡೆ ಅಲೆ, ಬಲಗಾಲು ಮುಂದಿಡುವವರಿಗೆ ಬಲಗಡೆ. ಮೊದಲು ಬದಿ ಬದಲಿಸಲು ಒಂದು ಚೀಲ ಖಾಲಿ ಮಾಡಿ ಇನ್ನೊಂದು ತುಂಬುತ್ತಾ ಇಪ್ಪತ್ತು ನಿಮಿಷ ಹಾಳಾಗುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ಆಯಿತು.

ಬೋಟ್ ಬಂದ ಮೇಲೆ ಅದನ್ನು ಹದಕ್ಕೆ ತರಲು ಮೂರು ವಾರ ಹಿಡಿಯಿತು. ಈ ಕೆಲಸ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಿಂದಿನ ಟ್ಯಾಂಕುಗಳಲ್ಲಿ ನೀರು ಜಾಸ್ತಿಯಾದರೆ ಅಲೆ ಎತ್ತರಕ್ಕೆ ಏಳುತ್ತದೆ, ಆದರೆ ಗಿಡ್ಡವಾಗುತ್ತದೆ. ಮುಂದೆ ಸ್ವಲ್ಪ ಭಾರ ಹಾಕಿದರೆ ಅಲೆ ಉದ್ದವಾಗುತ್ತದೆ, ಕಲಿಯುವವರಿಗೆ ನಿಲ್ಲಲು ಜಾಗ ಸಿಗುತ್ತದೆ. ಹಾಗಂತ ಮುಂದೆ ಜಾಸ್ತಿ ಹಾಕಿದರೆ ಜೂನ್‌ನಲ್ಲಿ ಆದದ್ದೇ ಆಗುತ್ತದೆ. ವೇಗ ಗಂಟೆಗೆ 10ರಿಂದ 12 ಮೈಲಿಯ ಒಳಗೆ. ಅರ್ಧ ಮೈಲಿ ಆಚೀಚೆ ಆದರೂ ಅಲೆಯ ಆಕಾರ ಬೇರೆಯಾಗುತ್ತದೆ. ನಿಧಾನವಾದರೆ ಕಡಿದಾಗುತ್ತದೆ, ವೇಗವಾದರೆ ತಗ್ಗಿ ಉದ್ದವಾಗುತ್ತದೆ. ನಮ್ಮ ಬೋಟಿಗೆ, ಆರು ಜನರಿಗೆ, 11ರ ಹತ್ತಿರ ಚೆನ್ನಾಗಿ ಕೂತಿದೆ. ಇಷ್ಟು ಭಾರ ಎಳೆಯಲು ಪಿಚ್ ಕಡಿಮೆ ಇರುವ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ ಪ್ರೊಪೆಲ್ಲರ್ ಹಾಕಿಸಿದೆವು. ಆಗುಂಬೆ ಘಾಟಿ ಹತ್ತುವಾಗ ಬಸ್ಸಿನ ಡ್ರೈವರ್ ಗೇರ್ ಇಳಿಸುತ್ತಾರಲ್ಲ, ಅದೇ ಲೆಕ್ಕ. ಬೋಟಿನ ಗರಿಷ್ಠ ವೇಗ ಕಡಿಮೆಯಾಯಿತು. ನಮಗೆ ಅದರ ಅಗತ್ಯವೂ ಇಲ್ಲ.

ಹೊಗೆಯ ವಿಷಯ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸರ್ಫ್ ಮಾಡುವವರು ಅದರ ದಾರಿಯಲ್ಲೇ ಇರುತ್ತಾರೆ. ಹೊಗೆ ನೀರಿನ ಕೆಳಗೆ, ಪ್ರೊಪೆಲ್ಲರ್ ತಳ್ಳುವ ನೀರಿನ ಜೊತೆ ಹೋಗುವ ಹಾಗೆ ಪೈಪ್ ಹಾಕಿಸಿದ್ದೇವೆ. ಅಷ್ಟಾದರೂ ಎಂಜಿನ್ ಓಡುತ್ತಿರುವಾಗ ಹಿಂದಿನ ಹಲಗೆಯ ಮೇಲೆ ಯಾರೂ ಕೂರುವಂತಿಲ್ಲ. ಕಾಲು ಇಳಿಬಿಟ್ಟು ಕೂರುವುದು ಮಕ್ಕಳಿಗೆ ಬಹಳ ಇಷ್ಟ ಅಂತ ಗೊತ್ತು. ಎಂಜಿನ್ ಆರಿಸಿದಾಗ ಕೂರಲಿ. ಟೆಕ್ಸಸ್ ಕಾನೂನಿನ ಪ್ರಕಾರ 13 ವರ್ಷದೊಳಗಿನ ಮಕ್ಕಳು ಇಂಥ ಬೋಟಿನಲ್ಲಿ ಲೈಫ್ ಜಾಕೆಟ್ ಹಾಕಿರಲೇಬೇಕು. ನಮ್ಮ ಬೋಟಿನಲ್ಲಿ ಇನ್ನು ಮೇಲೆ ಅಜ್ಜ ಅಜ್ಜಿಯರೂ ಹಾಕಬೇಕು.

ಇನ್ನು ಜಾಗ. ನಾವು ಹೋಗುತ್ತಿದ್ದ ಕಿರಿದಾದ ಕವಲು ಗಾಳಿಯಿಲ್ಲದೆ ತಣ್ಣಗಿತ್ತು, ಸರಿ. ಆದರೆ ನಮ್ಮ ಅಲೆ ಎರಡೂ ದಡಕ್ಕೆ ಬಡಿಯುತ್ತಿತ್ತು, ಕಟ್ಟಿಹಾಕಿದ ಬೋಟುಗಳು ಕುಲುಕುತ್ತಿದ್ದವು. ಅಲ್ಲಿನ ಮನೆಯವರೊಬ್ಬರು ಬಂದು ಸಮಾಧಾನವಾಗಿಯೇ ಹೇಳಿದರು. ಜಲಕ್ರೀಡೆ ಉದ್ಯಮದ ಸಂಘದವರು ದಡದಿಂದ 200 ಅಡಿ ದೂರ ಇರಿ ಅನ್ನುತ್ತಾರೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಅಲೆಗಳನ್ನು ಅಳೆದು ನೋಡಿ 500 ಅಡಿಗಿಂತ ದೂರ ಇರಬೇಕು ಅಂದರು. ವರ್ಮಾಂಟ್ ರಾಜ್ಯದಲ್ಲಿ 2024ರಿಂದ 500 ಅಡಿ ದೂರ, 20 ಅಡಿ ಆಳ ಅನ್ನುವುದು ನಿಯಮವೇ ಆಗಿದೆ. ನಾವು ಆ ದೊಡ್ಡ ಅಳತೆಯನ್ನೇ ಇಟ್ಟುಕೊಂಡಿದ್ದೇವೆ. ಹಾಗಾಗಿ ಇನ್ನು ಮೇಲೆ ಈ ಕೆರೆಯ ಮ್ಯಾನ್ಸ್‌ಫೀಲ್ಡ್ ಡ್ಯಾಮ್ ಕಡೆಯ ಅಗಲವಾದ ನೀರಿಗೆ ಹೋಗುತ್ತೇವೆ. ಕೆರೆ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 681 ಅಡಿ. 2023ರಲ್ಲಿ ಅದಕ್ಕಿಂತ 40 ಅಡಿಗೂ ಜಾಸ್ತಿ ಇಳಿದಿತ್ತು. ಹಾಗೆ ಇಳಿದಾಗ ಸಮ್‌ಟೈಮ್ಸ್ ಐಲ್ಯಾಂಡ್ಸ್ ಅನ್ನುವ ದ್ವೀಪಗಳು ಮೇಲೆದ್ದು ಕಾಣುತ್ತವೆ. ಅಂಥ ವರ್ಷ ಬಂದರೆ ಆಳ ನೋಡಿಕೊಂಡೇ ಹೋಗುತ್ತೇವೆ. ಆಳ ಸಾಲದಿದ್ದರೆ ಆ ದಿನದ ಸವಾರಿ ಇಲ್ಲ, ಹಣ ಪೂರ್ತಿ ವಾಪಸ್.

ಬೇರೆ ಕೆರೆಗಳಿಗೆ ಬೋಟ್ ತನ್ನಿ ಅಂತ ಕೆಲವರು ಕೇಳಿದ್ದೀರಿ. ಅದು ಆಗುವುದಿಲ್ಲ. ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸಲ್ ಅನ್ನುವ, ಕೆರೆಯಿಂದ ಕೆರೆಗೆ ಹರಡಿ ಹಾನಿ ಮಾಡುವ ಪುಟ್ಟ ಚಿಪ್ಪುಜೀವಿ ಇದೆ. ಅದರ ಮರಿಗಳು ಕಣ್ಣಿಗೇ ಕಾಣುವುದಿಲ್ಲ. ನಮ್ಮ ಟ್ಯಾಂಕುಗಳಲ್ಲಿ ಪಂಪ್ ಎಷ್ಟೇ ಎಳೆದರೂ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಆ ನೀರನ್ನು ಇನ್ನೊಂದು ಕೆರೆಗೆ ಒಯ್ಯುವ ಕೆಲಸ ನಮಗೆ ಬೇಡ.

ದರ ಮೊದಲಿನಷ್ಟೇ, ಒಂದು ಸವಾರಿಗೆ 500 ಡಾಲರ್. ಸಮಯವನ್ನು ಎರಡು ಗಂಟೆಯಿಂದ ಎರಡೂವರೆಗೆ ಹೆಚ್ಚಿಸಿದ್ದೇವೆ. ಆದರೂ ಹತ್ತು ಜನ ಹಂಚಿಕೊಂಡಾಗ ತಲೆಗೆ 50 ಬೀಳುತ್ತಿದ್ದದ್ದು ಈಗ 83 ಆಗುತ್ತದೆ. ಇದು ಏರಿಕೆಯೇ, ಅಲ್ಲ ಅನ್ನುವುದಿಲ್ಲ. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲರೂ ಒಂದೇ ಬೋಟಿನಲ್ಲಿ ಹೋಗುವ ಖುಷಿ ದೊಡ್ಡದು. ಅದನ್ನು ಕಸಿದುಕೊಳ್ಳುತ್ತಿದ್ದೇವೆ ಅನ್ನುವ ಬೇಸರ ನಮಗೂ ಇದೆ. ದೊಡ್ಡ ಸಂಸಾರಗಳಿಗೆ ಒಂದು ದಾರಿ ಮಾಡಿದ್ದೇವೆ. ಅದೇ ಎರಡೂವರೆ ಗಂಟೆಯಲ್ಲಿ ಎರಡು ತಂಡವಾಗಿ ಬನ್ನಿ. ಒಂದು ತಂಡ ನೀರಿನಲ್ಲಿರುವಾಗ ಇನ್ನೊಂದು ತಂಡ ದಡದ ಪಾರ್ಕಿನ ನೆರಳಿನಲ್ಲಿ ಕೂರಬಹುದು. ಇದಕ್ಕೆ ಜಾಸ್ತಿ ಹಣ ಇಲ್ಲ.

ಈಗಾಗಲೇ ಆರಕ್ಕಿಂತ ಜಾಸ್ತಿ ಜನರಿಗೆ ಬುಕ್ ಮಾಡಿರುವವರಿಗೆ ಈ ವಾರ ನಾವೇ ಫೋನ್ ಮಾಡುತ್ತೇವೆ. ಬೇಡ ಅನ್ನಿಸಿದರೆ ಮುಲಾಜಿಲ್ಲದೆ ಹೇಳಿ, ಅವತ್ತೇ ಹಣ ವಾಪಸ್ ಹಾಕುತ್ತೇವೆ. ಬರುವುದಾದರೆ ಎರಡು ವಿಷಯ ತಿಳಿಸಿ. ಸರ್ಫ್ ಮಾಡುವವರು ಯಾವ ಕಾಲು ಮುಂದಿಡುತ್ತಾರೆ, ಮತ್ತೆ ಎಲ್ಲರದೂ ಸೇರಿ ತೂಕ ಎಷ್ಟು. ಅದನ್ನು ನೋಡಿಕೊಂಡು ನೀವು ಬರುವ ಹೊತ್ತಿಗೆ ಟ್ಯಾಂಕಿಗೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿ ಇಟ್ಟಿರುತ್ತೇವೆ. ಕಾಲು ಯಾವುದು ಅಂತ ಗೊತ್ತಿಲ್ಲದಿದ್ದರೆ, ಮನೆಯಲ್ಲಿ ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಓಡಿ ಬಂದು ಜಾರಿ ನೋಡಿ. ತಾನಾಗಿ ಮುಂದೆ ಬರುವುದೇ ನಿಮ್ಮ ಕಾಲು.

ಆ ಶಿವಮೊಗ್ಗದ ಅಜ್ಜಿ ಈ ಬೇಸಿಗೆಯೂ ಬರುತ್ತಿದ್ದಾರಂತೆ. ಮೊದಲ ಸವಾರಿ ಅವರ ಮನೆಯವರದ್ದು. ಅದಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ.

ಇಂತಿ,
ಬೋಟ್ ನಡೆಸುವ ನಾವಿಬ್ಬರು
ಆಸ್ಟಿನ್, ಟೆಕ್ಸಸ್